ಅಕ್ಕ ಸುಟ್ಟ ದೇಶ

ನನ್ನ ತಮ್ಮ ಕಿತ್ತೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮೂರು ವರ್ಷದ ಹಿಂದೆ ಒಂದು ರವಿವಾರ ಸವದತ್ತಿಯ ನಮ್ಮ ಮನೆಗೆ ಬಂದವನು, ಚಪ್ಪಲಿ ಬಿಡುವುದಕ್ಕೂ ಮೊದಲು ಹೆಗಲ ಚೀಲದಿಂದ ದಪ್ಪ ಹಾಳೆಗಳ ಕಟ್ಟೊಂದನ್ನು ತೆಗೆದು ನನ್ನ ಕೈಗಿಟ್ಟ. ಮೇಲಿನ ಹಾಳೆಯಲ್ಲಿ ಮೂರು ಮಕ್ಕಳು ಬೇವಿನ ಮರದ ಕೆಳಗೆ ಕಾಗದದ ರಾಶಿಯ ಮೇಲೆ ಕುಳಿತಿದ್ದವು. ಬೆನ್ನು ಮಾತ್ರ ಕಾಣುತ್ತಿತ್ತು. ದೊಡ್ಡ ಹುಡುಗಿಯ ಎರಡು ಜಡೆಗಳಲ್ಲಿ ಒಂದು ಬಿಚ್ಚಿಹೋಗಿತ್ತು. ಅದು ಅಕ್ಕ. ಅವಳ ಹೆಗಲ ಮೇಲಿಂದ ಇಣುಕುತ್ತಿದ್ದವಳು ನಾನು. ಚಡ್ಡಿ ಜಾರಿದ ಹುಡುಗ ಅವನೇ.

“ಮನಾಭಿಲಾ,” ಎಂದ ತಮ್ಮ. “ಚಿತ್ರದಾಗ ಪೂರ್ತಿ ಕಥಿ ಹೇಳಬೇಕಂತ ಮಾಡೇನಿ. ಗ್ರಾಫಿಕ್ ಕಾದಂಬರಿ. ಚಿತ್ರ ನಂದು, ಮಾತು ನಿಂದು.”

ಆ ಹೆಸರನ್ನು ಯಾರ ಬಾಯಲ್ಲೂ ಕೇಳದೆ ಮೂವತ್ತು ವರ್ಷ ದಾಟಿತ್ತು. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವಳು, ನಾಲ್ಕು ಕಥಾಸಂಕಲನ ತಂದವಳು. ಮಾತಿಗೆ ತಡವರಿಸುವ ಜಾತಿಯಲ್ಲ. ಆದರೂ ಅವತ್ತು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟು, ಅದು ಕುದ್ದು ಅರ್ಧ ಇಂಗುವ ತನಕ ಒಲೆಯ ಮುಂದೆ ನಿಂತಿದ್ದೆ.

ಮನಾಭಿಲಾ ಹುಟ್ಟಿದ್ದು ಬೈಲಹೊಂಗಲದಲ್ಲಿ, ಅಪ್ಪನ ಪ್ರೆಸ್ಸಿನ ರದ್ದಿಯೊಳಗೆ. ಅದು ಅಚ್ಚಿನ ಮೊಳೆ ಜೋಡಿಸಿ ಛಾಪಿಸುತ್ತಿದ್ದ ಕಾಲ. ಬೀದಿಗೆ ಮುಖ ಮಾಡಿ ಪ್ರೆಸ್ಸು, ಹಿಂದೆ ನಮ್ಮ ಮನೆ, ಅದರ ಹಿಂದೆ ಹಿತ್ತಲು. ಸುತ್ತಲಿನ ಹಳ್ಳಿಗಳ ಲಗ್ನಪತ್ರಿಕೆಗಳೆಲ್ಲ ನಮ್ಮಲ್ಲೇ ಅಚ್ಚಾಗುತ್ತಿದ್ದವು. ಒಂದು ಸಲ ಕತ್ತರಿಸುವಾಗ ಅಳತೆ ತಪ್ಪಿ ಒಂದು ಕಟ್ಟು ಪತ್ರಿಕೆ ಪೂರ್ತಿ ಕೆಟ್ಟವು. ‘ಆಗಮನಾಭಿಲಾಷಿಗಳು’ ಎಂದು ಇರಬೇಕಾದ ಕಡೆ ‘ಆಗ’ ಒಂದು ಚೂರಿಗೆ ಹೋಗಿ, ‘ಷಿಗಳು’ ಇನ್ನೊಂದು ಚೂರಿಗೆ ಹೋಗಿ, ನಡುವಿನ ಪಟ್ಟಿಯಲ್ಲಿ ಬಂಗಾರದ ಬಣ್ಣದಲ್ಲಿ ‘ಮನಾಭಿಲಾ’ ಅಷ್ಟೇ ಉಳಿಯಿತು. ಅಪ್ಪ ಬೈದುಕೊಳ್ಳುತ್ತ ಅವನ್ನು ಹಿತ್ತಲಿಗೆ ಹಾಕಿಸಿದರು.

ತಮ್ಮ ಆಗ ಒಂದನೇ ಇಯತ್ತೆ. ಕಂಡದ್ದನ್ನೆಲ್ಲ ಅಕ್ಷರ ಕೂಡಿಸಿ ಓದುವ ಹುಮ್ಮಸ್ಸು. “ಮ... ನಾ... ಭಿ... ಲಾ,” ಎಂದು ಓದಿ, “ಇದು ಯಾ ಊರ?” ಎಂದು ಕೇಳಿದ.

ನನಗೆ ನಗು ಬಂತು. ಅಕ್ಕ ನಗಲಿಲ್ಲ. ಅವಳಿಗೆ ಹನ್ನೆರಡು, ನನಗೆ ಒಂಬತ್ತು. ಅವಳು ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿ, “ಊರಲ್ಲ, ದೇಶ,” ಎಂದಳು. “ದೂರ ಐತಿ. ಅಲ್ಲಿ ರಾಣಿ ಆಳತಾಳ.”

ಅಷ್ಟು ಸಾಕಾಯಿತು. ಮುಂದಿನ ಆರು ವರ್ಷ ನಾವು ಮೂವರೂ ಅರ್ಧ ಬೈಲಹೊಂಗಲದಲ್ಲಿ, ಅರ್ಧ ಮನಾಭಿಲಾದಲ್ಲಿ ಬೆಳೆದೆವು.

ಕೆಟ್ಟ ಪತ್ರಿಕೆಗಳ ಹಿಂಬದಿ ಬಿಳಿ ಇರುತ್ತಿತ್ತು. ಅವನ್ನು ಬೆಂಕಿಪೆಟ್ಟಿಗೆಯಷ್ಟು ಚಿಕ್ಕ ಚೂರು ಮಾಡಿ, ನಡುವೆ ಮಡಚಿ, ಅವ್ವನ ಹೊಲಿಗೆ ದಾರದಿಂದ ಹೊಲಿದು ಪುಸ್ತಕ ಮಾಡುತ್ತಿದ್ದೆವು. ಅಕ್ಕ ಬರೆಯುತ್ತಿದ್ದಳು. ನಾನು ಹೊಲಿಯುತ್ತಿದ್ದೆ. ತಮ್ಮ ಚಿತ್ರ ಬಿಡಿಸುತ್ತಿದ್ದ. ಅವನಿಗೆ ಬರುತ್ತಿದ್ದದ್ದು ಕುದುರೆ ಒಂದೇ, ಹಾಗಾಗಿ ಮನಾಭಿಲಾದಲ್ಲಿ ಅಗಸನಿಗೂ ಕುದುರೆ ಇತ್ತು, ಸೂಲಗಿತ್ತಿಗೂ ಕುದುರೆ ಇತ್ತು. ಎರಡು ವರ್ಷ ಕಾಡಿದ ಮೇಲೆ ಅಕ್ಕ ನನಗೆ ಬರೆಯಲು ಒಬ್ಬ ಅಂಚೆಯವನನ್ನು ಬಿಟ್ಟುಕೊಟ್ಟಳು. ಅವನು ಪತ್ರ ಒಯ್ಯಬಹುದು, ಆದರೆ ಒಳಗೇನಿದೆ ಎಂಬುದನ್ನು ಅಕ್ಕನೇ ಬರೆಯಬೇಕು ಎಂಬ ಕರಾರಿನ ಮೇಲೆ.

ರಾಣಿಯ ಮುಖ ಸಿಕ್ಕಿದ್ದು ಹೂಲಿಯಲ್ಲಿ. ಅದು ಅವ್ವನ ತವರು, ಸವದತ್ತಿಯಿಂದ ಹತ್ತಿರ. ಬ್ಯಾಸಗಿ ಸೂಟಿ ಬಂತೆಂದರೆ ನಾವು ಅಲ್ಲಿ. ಊರ ತುಂಬ ಹಳೇ ಕಾಲದ ಗುಡಿಗಳು. ಕೆಲವದರೊಳಗೆ ದೇವರಿದ್ದ, ಕೆಲವದರೊಳಗೆ ಬರೀ ತಂಪು ಇತ್ತು. ಮಧ್ಯಾಹ್ನ ಹೊರಗೆ ಬಿಸಿಲು ಸುಡುವಾಗ ಆ ಕಲ್ಲಿನ ಮೇಲೆ ಮಲಗಿದರೆ ಬೆನ್ನಿಗೆ ಹಿತ. ಒಂದು ಗುಡಿಯ ಬಾಗಿಲ ಪಕ್ಕ ಒಬ್ಬ ಕಲ್ಲಿನ ಹೆಣ್ಣುಮಗಳು ನಿಂತಿದ್ದಳು. ಮೂಗು ಅರ್ಧ ಹೋಗಿತ್ತು, ಎಡಗೈ ಮೊಳಕೈಯಿಂದ ಕೆಳಗೆ ಇರಲಿಲ್ಲ. ಆದರೂ ಸೊಂಟದ ಮೇಲೆ ಭಾರ ಹಾಕಿ ಯಾರಿಗೋ ಉತ್ತರ ಕೊಡಲು ತಯಾರಾದವಳ ಹಾಗೆ ಇದ್ದಳು.

“ಈಕಿ ಕೈ ಯಾರ ಮುರದ್ರು?” ಎಂದು ತಮ್ಮ ಕೇಳಿದ.

ಅಕ್ಕ ಅವನ ಬಾಯಿ ಮುಚ್ಚಿದಳು. “ಹಂಗ ಕೇಳಬಾರದು. ಮನಾಭಿಲಾದಾಗ ಯಾರಿಗೂ ಏನ ಹೋಗೇತಿ ಅಂತ ಕೇಳೂ ಹಂಗಿಲ್ಲ. ಏನ ಉಳದೈತಿ ಅದನ್ನ ಕೇಳಬೇಕು.”

ಇದು ಹನ್ನೆರಡು ವರ್ಷದ ಹುಡುಗಿ ಆಡಿದ ಮಾತು. ನಾನು ಆಮೇಲೆ ಎಷ್ಟೋ ಓದಿದ್ದೇನೆ, ಇಂಥದೊಂದು ಕಾಯಿದೆಯನ್ನು ಮತ್ತೆಲ್ಲೂ ಕಂಡಿಲ್ಲ.

ಅಪ್ಪನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವರು ಒಬ್ಬ ಮುಸಲ್ಮಾನ ಹಿರಿಯರು. ನಾವು ಚಾಚಾ ಎನ್ನುತ್ತಿದ್ದೆವು. ಬೆರಳ ತುದಿ ಯಾವಾಗಲೂ ಕಪ್ಪು. ಅಕ್ಷರವನ್ನು ತಲೆಕೆಳಗಾಗಿ ಓದುವುದನ್ನು ನಮಗೆ ಕಲಿಸಿದವರು ಅವರೇ. ಆಷಾಢದಲ್ಲಿ ಲಗ್ನಗಳಿರುವುದಿಲ್ಲ, ಪ್ರೆಸ್ಸಿಗೂ ಕೆಲಸವಿರುವುದಿಲ್ಲ. ಅಂಥ ಒಂದು ಆಷಾಢದ ಮುಂಜಾನೆ ಅಕ್ಕನ ಪುಟ್ಟ ಪುಸ್ತಕವೊಂದನ್ನು ಚಾಚಾ ಕನ್ನಡಕ ಏರಿಸಿ ಓದಿದರು.

“ಅರೆ ಬೇಟಿ, ಇದನ್ನ ಕೈಲೇ ಯಾಕ ಬರೀತಿ? ಛಾಪಿಸೂಣು,” ಎಂದರು.

ಎಲ್ಲಕ್ಕಿಂತ ಸಣ್ಣ ಮೊಳೆ ತೆಗೆದು, ಅಂಗೈಯಗಲದ ಒಂದು ಪುಟ ಜೋಡಿಸಿದರು. ‘ಮನಾಭಿಲಾ ಸಮಾಚಾರ’. ರಾಣಿ ಸಮುದ್ರ ನೋಡಲು ಹೋದ ಸುದ್ದಿ. ಆ ಸಮುದ್ರ ಅಂದರೆ ನಾವು ಒಮ್ಮೆ ಕಂಡಿದ್ದ ನವಿಲುತೀರ್ಥದ ಹಿನ್ನೀರು. ಪ್ರೂಫ್ ತೆಗೆದು ಒಣಗಲು ಹಾಕಿದ್ದಾಗ ಅಪ್ಪ ಬಂದರು. ನಾವು ಮೂವರೂ ಮೊಳೆಯ ಕಪಾಟಿನ ಹಿಂದೆ ಸರಿದೆವು. ಅಪ್ಪ ಕಾಗದ ಎತ್ತಿಕೊಂಡು ಪೂರ್ತಿ ಓದಿದರು. ಕಿವಿಯ ಮೇಲಿನ ಕೆಂಪು ಪೆನ್ಸಿಲ್ ತೆಗೆದು ಎರಡು ಕಡೆ ತಿದ್ದಿದರು.

“ಸಮುದ್ರದಾಗ ದಕ್ಕ ರ ಒತ್ತು ಬರಬೇಕು. ಮತ್ತ ಸಂಪಾದಕರ ಹೆಸರ ಎಲ್ಲಿ? ಹೆಸರಿಲ್ಲದ ಪೇಪರ ಹೊರಗ ಹೋಗಂಗಿಲ್ಲ.”

“ನಾನು!” ಎಂದು ಮೂವರೂ ಕೂಗಿದೆವು.

“ಸಂಪಾದಕರು ಒಬ್ರ ಇರಬೇಕು,” ಎಂದರು ಅಪ್ಪ. “ಯಾರ ಬರದ್ರು?”

ಚಾಚಾ ಅಕ್ಕನ ಕಡೆ ಬೆರಳು ಮಾಡಿದರು. ಅವಳ ಹೆಸರು ಅಚ್ಚಾಯಿತು. ಹತ್ತು ಪ್ರತಿ. ಅವಳು ನನಗೂ ಒಂದು ಕೊಟ್ಟಳು. ಅದರಲ್ಲಿ ಅವಳ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿ, ಆ ಜಾಗದಲ್ಲಿ ನನ್ನ ಹೆಸರು ಹೇಗೆ ಕಾಣಬಹುದು ಎಂದು ನೋಡಿದ್ದು ನನಗೆ ಸರಿಯಾಗಿ ನೆನಪಿದೆ.

ಇನ್ನು ಹೇಳಬೇಕಾದ್ದು ನಾನು ಯಾರಿಗೂ ಹೇಳದೆ ಉಳಿಸಿಕೊಂಡದ್ದು.

ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ ಒಂದು ದಿನಪತ್ರಿಕೆಯವರು ಮಕ್ಕಳಿಂದ ಕಥೆ ಕರೆದಿದ್ದರು. ಅಕ್ಕ ಆಗ ಪಿಯುಸಿ ಎರಡನೇ ವರ್ಷ. ಅವಳ ಪುಸ್ತಕಗಳೆಲ್ಲ ಹಿತ್ತಲ ಕೋಣೆಯ ಒಂದು ಬಿಸ್ಕೀಟಿನ ಡಬ್ಬಿಯಲ್ಲಿರುತ್ತಿದ್ದವು. ಎಷ್ಟೋ ಇದ್ದವು. ಅದರಲ್ಲಿ ಕೈಯಿಲ್ಲದ ರಾಣಿಯ ಕಥೆ ತೆಗೆದು, ಅವಳು ಕಾಲೇಜಿಗೆ ಹೋದಾಗ ಎರಡು ಮಧ್ಯಾಹ್ನ ಕುಳಿತು ದೊಡ್ಡ ಹಾಳೆಯ ಮೇಲೆ ನಕಲು ಮಾಡಿದೆ. ಅಕ್ಕನ ಕಥೆಯ ಕೊನೆಯಲ್ಲಿ, ಕಳೆದ ಕೈಯನ್ನು ಹುಡುಕಲು ಹೊರಟ ಸೈನ್ಯವನ್ನು ರಾಣಿ ವಾಪಸು ಕರೆಸುತ್ತಾಳೆ. ‘ಅವರಿಗೆಲ್ಲ ಊಟದ ಹೊತ್ತಾಗಿತ್ತು’ ಎಂಬುದು ಕೊನೆಯ ಸಾಲು. ನನಗೆ ಅದು ಕಥೆ ಮುಗಿದ ಹಾಗೆ ಅನ್ನಿಸಲಿಲ್ಲ. ‘ಆದ್ದರಿಂದ ದೇವರು ಕೊಟ್ಟದ್ದರಲ್ಲಿ ನಾವು ತೃಪ್ತರಾಗಿರಬೇಕು’ ಎಂದು ಸೇರಿಸಿದೆ. ಕೆಳಗೆ ನನ್ನ ಹೆಸರು ಬರೆದೆ.

ಅದು ಅಚ್ಚಾಯಿತು. ಅಪ್ಪ ಬಸ್‌ಸ್ಟ್ಯಾಂಡಿಗೆ ಹೋಗಿ ಇದ್ದಷ್ಟು ಪ್ರತಿ ತಂದರು. ಪ್ರೆಸ್ಸಿಗೆ ಬಂದವರಿಗೆಲ್ಲ ತೋರಿಸಿದರು. ಸಾಲಿಯಲ್ಲಿ ಪ್ರಾರ್ಥನೆ ಮುಗಿದ ಮೇಲೆ ಕನ್ನಡ ಕಲಿಸುವ ಬಾಯಿಯವರು ನನ್ನಿಂದಲೇ ಅದನ್ನು ಓದಿಸಿದರು. ದನಿ ಒಂದಿಷ್ಟೂ ನಡುಗಲಿಲ್ಲ. ಇದನ್ನು ಹೇಳಲು ಈಗಲೂ ನಾಚಿಕೆ.

ಸಂಜೆ ಅಕ್ಕ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಿದ್ದಳು. ಅಪ್ಪ ಪೇಪರನ್ನು ಅವಳ ಮುಂದೆ ಹಿಡಿದರು. ಅವಳು ಕೈ ಒರೆಸಿಕೊಳ್ಳದೆ, ಬಗ್ಗಿ, ಕೊನೆಯ ತನಕ ಓದಿದಳು. ನಾನು ಬಾಗಿಲಲ್ಲಿದ್ದೆ.

“ಚಲೋ ಬರದಿ,” ಎಂದಳು. ಮತ್ತೆ ಹಿಟ್ಟು ನಾದಿದಳು.

ಅದಾಗಿ ವರ್ಷ ತುಂಬುವುದರೊಳಗೆ ಅವಳ ಲಗ್ನ ಗೊತ್ತಾಯಿತು, ರಾಮದುರ್ಗದ ಮನೆತನಕ್ಕೆ. ಲಗ್ನಕ್ಕೆ ಇನ್ನು ಐದು ದಿನ ಇದೆ ಎನ್ನುವಾಗ ನಾನು ಸಾಲಿಯಿಂದ ಬಂದರೆ ಬಚ್ಚಲಮನೆಯಿಂದ ಹೊಗೆ, ಒಲೆಯಲ್ಲಿ ಹಸಿರು ಉರಿ. ಲಗ್ನಪತ್ರಿಕೆಯ ಬಂಗಾರದ ಶಾಯಿ ಸುಟ್ಟರೆ ಉರಿಗೆ ಹಸಿರು ಬಣ್ಣ ಬರುತ್ತದೆ. ನೀರಿನ ಹಂಡೆಯ ಕೆಳಗೆ ಅಕ್ಕ ಒಂದೊಂದೇ ಪುಸ್ತಕ ಹಾಕುತ್ತಿದ್ದಳು. ತಮ್ಮ ಅವಳ ಕೈ ಹಿಡಿದು ಎಳೆಯುತ್ತಿದ್ದ, ಅಳುತ್ತಿದ್ದ. ಅವನಿಗೆ ಹನ್ನೆರಡು ವರ್ಷ. ಅವನ ಕುದುರೆಗಳೂ ಅದರಲ್ಲಿದ್ದವು.

“ಯಾಕಕ್ಕ? ಯಾಕ?” ಎಂದು ಅವನು ಕೇಳುತ್ತಲೇ ಇದ್ದ.

“ನೀರ ಕಾಯಬೇಕಲ್ಲ,” ಎಂದಳು ಅಕ್ಕ.

ಯಾಕೆ ಎಂದು ನನಗೆ ಗೊತ್ತಿದೆ ಅಂದುಕೊಂಡೆ. ನನಗೆ ಶಿಕ್ಷೆ ಅದು. ನಾನು ಬಾಯಿ ಬಿಡಲಿಲ್ಲ. ತಮ್ಮ ಅಕ್ಕನ ಜೊತೆ ಲಗ್ನದ ದಿನವೂ ಮಾತಾಡಲಿಲ್ಲ. ಆಮೇಲೆ ಮಾತು ಬಂತು, ಹೋಗಿಬರುವುದು ನಡೆಯಿತು, ಆದರೆ ಅವರಿಬ್ಬರ ನಡುವೆ ಏನೋ ಒಂದು ಸಣ್ಣಗೆ ಮುರಿದದ್ದು ಮುರಿದೇ ಉಳಿಯಿತು. ಅಪ್ಪ ತೀರಿಕೊಂಡರು, ಪ್ರೆಸ್ಸು ಮುಚ್ಚಿತು, ಅವ್ವ ಕಿತ್ತೂರಿಗೆ ತಮ್ಮನ ಮನೆಗೆ ಹೋದಳು. ನಾನು ಕಥೆಗಾರ್ತಿ ಆದೆ. ಮೊದಲ ಕಥೆ ಯಾವಾಗ ಬರೆದಿರಿ ಎಂದು ಯಾರಾದರೂ ಕೇಳಿದರೆ, ಒಂಬತ್ತನೇ ಇಯತ್ತೆಯಲ್ಲಿ ಎಂದು ಹೇಳುತ್ತ ಬಂದೆ.

ಈಗ ತಮ್ಮ ಆ ದೇಶವನ್ನು ಮತ್ತೆ ಬರೆಯಲು ಕುಳಿತಿದ್ದ. ಎರಡು ವರ್ಷ ಪ್ರತಿ ರವಿವಾರ ಅವನು ಕಿತ್ತೂರಿನಿಂದ ಬಂದ. ಇಬ್ಬರಿಗೂ ನೆನಪು ಬೇರೆ ಬೇರೆ. ಅರಮನೆಗೆ ಏಳು ಬಾಗಿಲು ಎಂದು ನಾನು, ಒಂದೂ ಬಾಗಿಲಿರಲಿಲ್ಲ ಎಂದು ಅವನು. ಒಮ್ಮೆ ಜಗಳ ಹತ್ತಿ, ಹೂಲಿಗೆ ಹೋಗಿ ಆ ಕಲ್ಲಿನ ಹೆಣ್ಣುಮಗಳನ್ನು ನೋಡಿ ಬಂದೆವು. ಇಬ್ಬರೂ ಅವಳಿಗೆ ಬಲಗೈ ಇಲ್ಲವೆಂದುಕೊಂಡಿದ್ದೆವು. ಇಲ್ಲದ್ದು ಎಡಗೈ. ತಮ್ಮ ನಲವತ್ತು ಹಾಳೆ ಮತ್ತೆ ಬರೆಯಬೇಕಾಯಿತು. ಒಂದು ಸಣ್ಣ ಪ್ರಕಾಶನದವರು ಒಪ್ಪಿದರು. ಚಿತ್ರಗಳು ಮುಗಿಯುತ್ತ ಬಂದವು. ಕಡೆಯ ಅಧ್ಯಾಯ ಬೆಂಕಿಯದು: ರಾಣಿ ತನ್ನ ದೇಶ ಉರಿಯುವುದನ್ನು ನೋಡಿ ಅಳುತ್ತಾಳೆ, ಕಥೆ ಮುಗಿಯುತ್ತದೆ.

“ಅಕ್ಕಗ ತೋರಸಬೇಕು,” ಎಂದೆ.

“ಸುಟ್ಟಾಕಿಗೆ ಏನ ತೋರಸೂದು?” ಎಂದ. ಆದರೂ ಮುಂದಿನ ಸೂಟಿಗೆ ಬಂದ. ಸವದತ್ತಿಯಿಂದ ರಾಮದುರ್ಗದ ಬಸ್ಸು ಹತ್ತಿದೆವು. ಹಾಳೆಗಳ ಕಟ್ಟನ್ನು ಅವನು ಮಡಿಲಲ್ಲಿ ಕೂಸಿನಂತೆ ಇಟ್ಟುಕೊಂಡಿದ್ದ. ಊರು ದಾಟಿ ಸೂರ್ಯಕಾಂತಿಯ ಹೊಲಗಳು ಶುರುವಾದ ಮೇಲೆ ನಾನು ಅವನಿಗೆ ಎಲ್ಲ ಹೇಳಿದೆ. ನಕಲು ಮಾಡಿದ ಎರಡು ಮಧ್ಯಾಹ್ನ, ಸೇರಿಸಿದ ಸಾಲು, ಪ್ರಾರ್ಥನೆಯ ಹೊತ್ತು, ಎಲ್ಲ.

ಅವನು ಕಿಟಕಿಯ ಕಡೆ ನೋಡುತ್ತಲೇ ಕೇಳಿದ. ಆಮೇಲೆ ಹೇಳಿದ: “ಅಕ್ಕ ಕೆಟ್ಟಾಕಿ ಅಂತ ನಾ ಇಷ್ಟ ವರ್ಷ ತಿಳಕೊಂಡಿದ್ನಿ. ನನ್ನ ಹೇಂತಿಗೆ ಆಕಿ ಕೊಟ್ಟ ಕುಬಸದ ಅರಿವೀನೂ ನಾ ಮನಿಯಾಗ ತಗೋಗೊಡಲಿಲ್ಲ. ನೀ ಒಂದ ಮಾತ ಹೇಳಲಿಲ್ಲಲ್ಲ.”

ರಾಮದುರ್ಗ ಬರುವ ತನಕ ಅವನು ಮುಖವನ್ನು ಕಿಟಕಿಯಿಂದ ಈಚೆ ತಿರುಗಿಸಲಿಲ್ಲ.

ಅಕ್ಕ ರಾಮದುರ್ಗದಲ್ಲಿ ಖಾನಾವಳಿ ನಡೆಸುತ್ತಾಳೆ. ಭಾವನ ಅರಿವೆ ಅಂಗಡಿ ನಡೆಯದೆ ಹೋದಾಗ ಮನೆಯ ಪಡಸಾಲೆಯಲ್ಲೇ ನಾಲ್ಕು ಮಂದಿಗೆ ರೊಟ್ಟಿ ಬಡಿದು ಕೊಡಲು ಶುರುಮಾಡಿದವಳು, ಈಗ ಐದು ಜನ ಹೆಣ್ಣುಮಕ್ಕಳನ್ನು ಇಟ್ಟುಕೊಂಡಿದ್ದಾಳೆ. ನಾವು ಹೋದಾಗ ಊಟದ ಗದ್ದಲ. ಅವಳು ಒಂದು ಕೈಯಲ್ಲಿ ಪಲ್ಲೆಯ ಸೌಟು ಹಿಡಿದು, “ಕುಂಡ್ರಿ, ಮೊದಲ ಉಣ್ರಿ, ಆಮ್ಯಾಲ ಮಾತು,” ಎಂದು ನಮ್ಮನ್ನೂ ಗಿರಾಕಿಗಳ ಸಾಲಿನಲ್ಲೇ ಕೂಡಿಸಿದಳು. ಎಣ್ಣೆಗಾಯಿ ಬದನೆ, ಕಾಳುಪಲ್ಲೆ, ಬಿಸಿ ರೊಟ್ಟಿ. ಮೂರು ಗಂಟೆಯ ಮೇಲೆ ಬಾಗಿಲು ಅರ್ಧ ಮುಚ್ಚಿ ಬಂದು, ಕೈ ತೊಳೆದು, ಸೆರಗಿಗೆ ಒರೆಸಿ, “ತಾ,” ಎಂದಳು ತಮ್ಮನಿಗೆ.

ನಿಂತೇ ನೋಡತೊಡಗಿದಳು. ಸೂಲಗಿತ್ತಿಯ ಕುದುರೆ ಬಂದಾಗ ಗಟ್ಟಿಯಾಗಿ ನಕ್ಕಳು. ಹಿತ್ತಲು, ಚಾಚಾ, ಹೂಲಿಯ ಗುಡಿ. ಒಂದೊಂದು ಹಾಳೆಯನ್ನೂ ನೋಡಿ ಬೋರಲು ಹಾಕುತ್ತ ಹೋದಳು. ಕೊನೆಯ ಅಧ್ಯಾಯದಲ್ಲಿ ಕೈ ನಿಂತಿತು.

“ರಾಣಿ ಇಲ್ಲಿ ಯಾಕ ಅಳಾಕತ್ತಾಳ?”

“ದೇಶ ಸುಡಾಕತ್ತೈತಲ್ಲ,” ಎಂದ ತಮ್ಮ.

“ರಾಣಿ ಅಳಂಗಿಲ್ಲ. ಒಟ್ಟ ಅಳಂಗಿಲ್ಲ ಆಕಿ.”

ಆಗ ನಾನು ಹೇಳಿದೆ. “ಅಕ್ಕ, ಆ ಪೇಪರಿನ್ಯಾಗ ಬಂದಿದ್ದ ಕಥಿ ನಿಂದಾಗಿತ್ತು. ನಾ ಕದ್ದಿದ್ದೆ.”

ಅವಳು ನನ್ನ ಮುಖ ನೋಡಿದಳು. “ಮತ್ತ ನನಗ ಗೊತ್ತಿಲ್ಲೇನ? ನಾನ ಬರದದ್ದು, ಓದಿದ್ರ ತಿಳಿಯೂದಿಲ್ಲೇನ?”

“ಸಿಟ್ಟ ಬರಲಿಲ್ಲ?”

“ಬಂತು. ಎರಡ ದಿನ ಇತ್ತು. ಆಮ್ಯಾಲ ಖುಷಿ ಆತು. ಛಾಪಿಸ್ಯಾರ ಅಂದಮ್ಯಾಲ ಅದು ಚಲೋನ ಇರಬೇಕು, ಹೌದಿಲ್ಲೋ? ನೀ ನನ್ನ ಹೆಸರಲೆ ಕಳಸತೇನಿ ಅಂದಿದ್ರ ನಾ ಬ್ಯಾಡ ಅಂತಿದ್ನಿ. ಹೆದರಿಕಿ ಇತ್ತು ನನಗ.” ಹಾಳೆಯ ಮೇಲೆ ಬೆರಳು ಬಡಿದಳು. “ಆದ್ರ ಕಡೀಕ ಒಂದ ಸಾಲ ಸೇರಿಸಿದ್ದಿ ನೋಡು, ತೃಪ್ತಿ ಗಿಪ್ತಿ ಅಂತ... ಅದನ್ನ ನಾ ಇವತ್ತಿಗೂ ಕ್ಷಮಾ ಮಾಡಿಲ್ಲ.”

ತಮ್ಮ ನಕ್ಕುಬಿಟ್ಟ.

“ಹಂಗಾರ ಯಾಕ ಸುಟ್ಟಿ?” ಎಂದು ಅವನು ಕೇಳಿದ. ಹನ್ನೆರಡನೇ ವರ್ಷದಲ್ಲಿ ಕೇಳಿದ್ದ ಅದೇ ಪ್ರಶ್ನೆ.

ಅಕ್ಕ ಈಗ ಕುಳಿತಳು. “ನಾ ಇಲ್ಲಿಗೆ ಬರಾಕ ಹತ್ತಿದ್ನಿ. ನೀವಿಬ್ರೂ ಅಲ್ಲೇ ಉಳಿಯವರು. ಡಬ್ಬಿ ನಿಮ್ಮ ಕೈಯಾಗ ಇರತಿತ್ತು. ನಾಳೆ ನೀವು ರಾಣೀನ ಏನರ ಮಾಡತಿದ್ರಿ, ಯಾರಿಗರ ಮದಿವಿ ಮಾಡಿ ಕೊಡತಿದ್ರಿ, ನನಗ ಗೊತ್ತ ಆಗತಿದ್ದಿಲ್ಲ. ನಾ ಇಲ್ಲದ ಮನಾಭಿಲಾ ನನಗ ಬ್ಯಾಡಾಗಿತ್ತು. ಹೊಟ್ಟಿಕಿಚ್ಚ ಅನ್ನು. ಹದಿನೆಂಟ ವರ್ಷದಾಕಿ ನಾ.”

ಮೂವತ್ತೆರಡು ವರ್ಷ ನಾನು ಅದನ್ನು ನನ್ನ ತಪ್ಪಿನ ಲೆಕ್ಕಕ್ಕೆ ಹಿಡಿದಿದ್ದೆ. ಅಕ್ಕನ ಮನಸ್ಸಿನೊಳಗೆ ಅವಳದೇ ಆದ ಕಾರಣವೊಂದು ಇರಬಹುದು ಎಂದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಕಥೆಗಾರ್ತಿ ನಾನು.

ಅಷ್ಟರಲ್ಲಿ ಪಾತ್ರೆ ತೊಳೆದು ಬಂದ ಹೆಣ್ಣುಮಗಳೊಬ್ಬಳು, ಐವತ್ತರ ಆಜುಬಾಜಿನವಳು, ಅಕ್ಕನ ಹೆಗಲ ಮೇಲಿಂದ ಬಗ್ಗಿ ಚಿತ್ರ ನೋಡಿದಳು.

“ಅಯ್ಯ, ಈಕಿ ನಮ್ಮ ರಾಣಿ ಅಲ್ಲೇನ್ರಿ ಅಕ್ಕಾರ?” ಎಂದಳು.

ನಾನು ತಮ್ಮನ ಮುಖ ನೋಡಿದೆ. ಅವನು ನನ್ನದು.

“ನಿಮಗ ಹೆಂಗ ಗೊತ್ರಿ?” ಎಂದು ಅವನು ಕೇಳಿದ.

“ಗೊತ್ತಿಲ್ಲದೇನ್ರಿ? ಅಕ್ಕಾರು ದಿನಾ ರೊಟ್ಟಿ ಬಡಿಯೂಮುಂದ ಹೇಳತಾರ. ಆದ್ರ ನೀವು ಬಾಳ ಸಣ್ಣಾಕಿ ಮಾಡೀರಿ. ರಾಣಿಗೆ ಈಗ ತಲಿ ಪೂರಾ ಬೆಳ್ಳಗಾಗೇತಿ. ಸೊಸಿ ಬಂದಾಳ. ಆ ಸೊಸಿ ಬಂದಮ್ಯಾಗ ಅರಮನಿಗೆ ಬಾಗಲಾ ಹಚ್ಚಿಸ್ಯಾರ, ಅದು ರಾಣಿಗೆ ಸೇರಂಗಿಲ್ಲ.”

“ಮೊದಲ ಬಾಗಲ ಇದ್ದಿಲ್ಲೇನ್ರಿ?” ಎಂದು ತಮ್ಮ ಕೇಳಿದ ರೀತಿಯಲ್ಲಿ ನನ್ನ ಸೋಲು ಇತ್ತು.

“ಮನಾಭಿಲಾದಾಗ ಬಾಗಲಾ ಯಾಕ ಬೇಕ್ರಿ?” ಎಂದು ಆಕೆ ಅಚ್ಚರಿಪಟ್ಟಳು.

ಉಳಿದವರೂ ಬಂದು ಸುತ್ತ ನಿಂತರು. ಅವರು ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಹೇಳುತ್ತ ಹೋದಂತೆ ತಿಳಿಯಿತು, ಅಕ್ಕ ಸುಟ್ಟದ್ದು ಕಾಗದವನ್ನಷ್ಟೇ. ಲಗ್ನವಾಗಿ ಬಂದ ಹೊಸದರಲ್ಲಿ ನಾದಿನಿಯರಿಗೆ ಹೇಳಿದಳು. ಮಗಳಿಗೆ ಹೇಳಿ ಉಣಿಸಿದಳು. ಖಾನಾವಳಿ ಶುರುವಾದ ಮೇಲೆ ಒಲೆಯ ಮುಂದೆ ಇವರಿಗೆ ಹೇಳುತ್ತ ಬಂದಿದ್ದಳು. ರಾಣಿ ನಡುವಯಸ್ಸಿಗೆ ಬಂದಿದ್ದಳು, ಒಮ್ಮೆ ರಾಜ್ಯ ಕಳೆದುಕೊಂಡು ಮತ್ತೆ ಗಳಿಸಿದ್ದಳು, ಒಂದು ಮಳೆಗಾಲ ಪೂರ್ತಿ ಮಾತು ಬಿಟ್ಟು ಕುಳಿತಿದ್ದಳು. ಕಬ್ಬು ಹೊತ್ತ ಟ್ರ್ಯಾಕ್ಟರುಗಳ ಒಂದು ಸೈನ್ಯವೂ ಈಚೆಗೆ ಗಡಿಯಲ್ಲಿ ಬಂದು ನಿಂತಿತ್ತಂತೆ. ಅಂಚೆಯವನು ಇನ್ನೂ ಇದ್ದ. ಅವನಿಗೆ ಮಂಡಿನೋವು.

“ಬರೀಲಿಲ್ಲ ಯಾಕ ನೀ?” ಎಂದು ನಾನು ಅಕ್ಕನನ್ನು ಕೇಳಿದೆ.

“ಕೈ ಖಾಲಿ ಎಲ್ಲಿರತಾವು? ಬಾಯಿ ಖಾಲಿ ಇರತೈತಿ,” ಎಂದಳು.

ಅಂದು ಸಂಜೆಯ ಬಸ್ಸಿಗೆ ಹಿಂತಿರುಗುವಾಗ ತಮ್ಮ ಬೆಂಕಿಯ ಅಧ್ಯಾಯವನ್ನು ತೆಗೆದು ಬೇರೆಯಾಗಿ ಕಟ್ಟಿಟ್ಟುಕೊಂಡಿದ್ದ. ಪುಸ್ತಕ ಅಲ್ಲಿ ಮುಗಿಯುವಂತಿರಲಿಲ್ಲ. ಅಲ್ಲಿಂದ ಅದರ ಎರಡನೆಯ ಅರ್ಧ ಶುರುವಾಗಬೇಕಿತ್ತು. ಇಳಿಯುವಾಗ ಅವನು ನನ್ನ ಚೀಲ ತಾನೇ ಹಿಡಿದುಕೊಂಡ. ಅವನ ಸಿಟ್ಟು ಇಳಿದದ್ದು ನನಗೆ ಹಾಗೆ ಗೊತ್ತಾಯಿತು.

ಮುಂದಿನ ಒಂದು ವರ್ಷ ಅವನು ಸೂಟಿ ಸಿಕ್ಕಾಗಲೆಲ್ಲ ರಾಮದುರ್ಗಕ್ಕೆ ಹೋದ. ಖಾನಾವಳಿಯ ಮೂಲೆಯ ಬೆಂಚಿನ ಮೇಲೆ ಕುಳಿತು ಚಿತ್ರ ಬರೆದ. ಅಕ್ಕ ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, ಹೆಣ್ಣುಮಕ್ಕಳು ತಿದ್ದುತ್ತಿದ್ದರು. ರಾಣಿಯ ಸೀರೆಗೆ ಅಂಚು ಸರಿಯಿಲ್ಲ, ಸೊಸೆಯ ಮುಖ ಅಷ್ಟು ಒಳ್ಳೆಯದಾಗಿರಬಾರದು. ನಾನು ಹೋದಾಗ ಕೇಳಿದ್ದನ್ನು ಹಾಗೇ ಬರೆದುಕೊಂಡೆ. ಒಂದು ಸಾಲನ್ನೂ ಸೇರಿಸಲಿಲ್ಲ. ಸೇರಿಸುವ ಆಸೆ ಆಗಲಿಲ್ಲ ಎಂದರೆ ಸುಳ್ಳು.

ಪುಸ್ತಕದ ಮೇಲೆ ಯಾರ ಹೆಸರು ಎಂಬ ಪ್ರಶ್ನೆ ಬಂತು. ಅಕ್ಕನದು ಮೊದಲು ಬರಬೇಕು ಎಂದು ನಾವಿಬ್ಬರೂ ಹಟ ಹಿಡಿದೆವು. ಅವಳು, “ಮೂರೂ ಒಂದ ಅಳತಿಯಾಗ ಇರಲಿ, ಸಾಲಾಗಿ. ಹಿರೇರಿಂದ ಸಣ್ಣವರಿಗೆ,” ಎಂದು ತೀರ್ಪು ಕೊಟ್ಟಳು. ಮುನ್ನುಡಿಯಲ್ಲಿ ನಾನು ಆ ಒಂಬತ್ತನೇ ಇಯತ್ತೆಯ ಕಥೆ ಯಾರದೆಂದು ಬರೆದೆ. ಅದನ್ನು ಓದಿದ ಅವ್ವ ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಫೋನ್ ಮಾಡಿ, “ನಿಮ್ಮಪ್ಪ ಆ ಪೇಪರ ಎಷ್ಟ ಮಂದಿಗೆ ತೋರಿಸಿದ್ರವಾ,” ಎಂದು ಮಾತ್ರ ಅಂದಳು. ಕಾಲೇಜಿನ ಹುಡುಗರಿಗೂ ಹೇಳಿದೆ. ಅವರು ನಾನು ಹೆದರಿದಷ್ಟು ಗಂಭೀರವಾಗಿ ಅದನ್ನು ತೆಗೆದುಕೊಳ್ಳಲಿಲ್ಲ. ಹಿಂದಿನ ಬೆಂಚಿನ ಒಬ್ಬಳು ಮಾತ್ರ ತಲೆ ತಗ್ಗಿಸಿ ಕುಳಿತಿದ್ದಳು.

ಈ ವರ್ಷ ಪುಸ್ತಕ ಬಂತು. ಬೈಲಹೊಂಗಲದ ಒಂದು ಸಾಲಿಯಲ್ಲಿ ಸಣ್ಣ ಬಿಡುಗಡೆ ಸಮಾರಂಭ ಇಟ್ಟುಕೊಂಡಿದ್ದೆವು. ಅಕ್ಕ ಬರಲಿಲ್ಲ, ಅಂದು ರಾಮದುರ್ಗದಲ್ಲಿ ಸಂತೆ, ಖಾನಾವಳಿ ಬಿಡುವಂತಿರಲಿಲ್ಲ. ಮರುದಿನ ನಾವೇ ಆರು ಪ್ರತಿ ತೆಗೆದುಕೊಂಡು ಹೋದೆವು. ಐವರಿಗೂ ಒಂದೊಂದು, ಅಕ್ಕನಿಗೊಂದು.

ಅಂದು ಚಿತ್ರ ಕಂಡು ರಾಣಿಯನ್ನು ಗುರುತು ಹಿಡಿದಿದ್ದ ಆ ಹೆಣ್ಣುಮಗಳಿಗೆ ಓದು ಬರುವುದಿಲ್ಲ. ಅವಳು ಗೋಡೆಗೆ ಒರಗಿ ಕುಳಿತು, ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿ, ಒಂದೊಂದೇ ಚಿತ್ರದ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಹೇಳುತ್ತ ಹೋದಳು. ಪುಟದ ಮೇಲೆ ಅಚ್ಚಾದ ಮಾತಿಗೂ ಅವಳ ಮಾತಿಗೂ ಹೆಚ್ಚು ಅಂತರವಿರಲಿಲ್ಲ. ಅಂತರ ಬಂದ ಕಡೆ ಅವಳದೇ ಚೆನ್ನಾಗಿತ್ತು. ತಮ್ಮ ಅವಳ ಪಕ್ಕ ಕುಳಿತು ಪುಟ ತಿರುವಿಕೊಟ್ಟ. ಅಕ್ಕ ಒಲೆಯ ಮುಂದಿನಿಂದ ಒಮ್ಮೆ ತಿರುಗಿ ನೋಡಿದಳು. ನಾನು ಹಿಟ್ಟಿನ ಪರಾತದ ಮುಂದೆ ಕುಳಿತು, ಬರದಿದ್ದರೂ ಒಂದು ರೊಟ್ಟಿ ಬಡಿಯಲು ನೋಡಿದೆ. ಅದು ನಡುವೆ ಹರಿಯಿತು, ಎಲ್ಲರೂ ನಕ್ಕರು.

ನಾವು ಹಿಡಿಯಬೇಕಿದ್ದ ಐದೂವರೆಯ ಬಸ್ಸು ಹೋಗಿಬಿಟ್ಟಿತು. ಯಾರೂ ಏಳಲಿಲ್ಲ.